ಸೀಗೆಕೆರೆಯ ಮೂಲೆ ಸೈಟು

ಅಂಬುಜಾ ಅವನನ್ನು ಮೊದಲ ಸಲ ಮಾತನಾಡಿಸಿದ್ದು ಬೈಯುವುದಕ್ಕೆ. ಮಾಗಡಿ ರಸ್ತೆಯಾಚೆ ಸೀಗೆಕೆರೆಯ ಅಂಗಳದಲ್ಲಿ ಯಾರೋ ಸಾಲಾಗಿ ಸೈಟಿನ ಕಲ್ಲು ನೆಟ್ಟಿದ್ದರು. ಒಂದು ಕಲ್ಲಿನ ಮೇಲೆ ಇಸ್ತ್ರಿ ಮಾಡಿದ ಬೆಲ್‌ಬಾಟಮ್ ತೊಟ್ಟ ಯುವಕನೊಬ್ಬ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಸರ್ವೆಯವನೇ ಇರಬೇಕೆಂದು ಅವಳು ನೇರ ಅವನ ಮುಂದೆ ಹೋಗಿ ನಿಂತಳು.

“ಕೆರೇಲಿ ಕಲ್ಲು ನೆಡೋಕೆ ನಾಚಿಕೆ ಆಗಲ್ವಾ ನಿಮಗೆ?”

“ನಾನು ನೆಟ್ಟಿಲ್ಲ ಮೇಡಂ, ಕೊಕ್ಕರೆ ನೋಡೋಕೆ ಬಂದೆ,” ಎಂದು ಅವನು ಎದ್ದು ನಿಂತ. “ಆದ್ರೆ ನೀವು ಬೈಯೋದು ಚೆನ್ನಾಗಿದೆ. ಇನ್ನೂ ಸ್ವಲ್ಪ ಬೈದ್ರೂ ಪರವಾಗಿಲ್ಲ.”

ಅವನ ಕಣ್ಣು ನಗುತ್ತಿತ್ತು, ತುಟಿ ಮಾತ್ರ ಮರ್ಯಾದೆಯಿಂದ ಮುಚ್ಚಿತ್ತು. ರಾಜಾಜಿನಗರದ ಸ್ಕೂಲಿನಲ್ಲಿ ಮಕ್ಕಳನ್ನು ಕಣ್ಣಲ್ಲೇ ಹೆದರಿಸುವ ಅಂಬುಜಾ ಮೇಡಂ ಆವತ್ತು ತಾನೇ ಕಣ್ಣು ತಗ್ಗಿಸಿದಳು. ಅದು ಅವಳಿಗೆ ಇಷ್ಟವೂ ಆಯಿತು, ಸಿಟ್ಟೂ ಬಂತು.

ಅವನ ಹೆಸರು ಪುರುಷೋತ್ತಮ, ಬ್ಯಾಂಕಿನಲ್ಲಿ ಗುಮಾಸ್ತ. ಕೆರೆ ಉಳಿಸಬೇಕೆಂದು ಇಬ್ಬರೂ ಸಂಜೆ ಹೊತ್ತು ಮನೆ ಮನೆ ತಿರುಗಿ ಸಹಿ ಹಾಕಿಸಿದರು. ಕೆರೆಯ ಕೆಳಗೆ ಗದ್ದೆ ಮಾಡುತ್ತಿದ್ದ ಬೈರಯ್ಯ ಅವನ ಮಾತಿಗೆ ಕರಗಿ ಹೆಬ್ಬೆಟ್ಟು ಒತ್ತಿದ, ಕುಡಿಯಲು ಎಳನೀರೂ ಕೊಟ್ಟ. ವಾಪಸು ಬರುವಾಗ ಅಂಬುಜಾಳ ಸೆರಗು ಬೇಲಿಗೆ ಸಿಕ್ಕಿತು. ಅವನು ಮುಳ್ಳು ಬಿಡಿಸಿದ, ಸೆರಗು ಬಿಡಲಿಲ್ಲ.

“ಕೆರೆ ಉಳಿದ್ರೆ ನನಗೇನು ಕೊಡ್ತೀರ?”

“ಒಂದು ಲೋಟ ಕಾಫಿ.”

“ಅಷ್ಟೇನಾ?”

“ದಿನಾ,” ಎಂದು ಅವಳು ಸೆರಗು ಕಿತ್ತುಕೊಂಡು ಬೇಗ ಬೇಗ ಮುಂದೆ ನಡೆದಳು.

ಕೆರೆ ಉಳಿಯಲಿಲ್ಲ. ವೆಂಕಟಗಿರಿ ರಾಯರ ಗೃಹ ನಿರ್ಮಾಣ ಸಂಘದವರು ತೂಬು ಎತ್ತಿ ನೀರೆಲ್ಲ ಹರಿಯಬಿಟ್ಟು, ಇದು ಸೊಳ್ಳೆ ನಿವಾರಣೆ ಎಂದರು. ಹರಿದದ್ದು ಬೈರಯ್ಯನ ಪೈರಿನ ಮೇಲೆ. ಸತ್ತ ಮೀನು ನಾರುತ್ತಿದ್ದಾಗಲೂ ಅಲ್ಲಿ ಸೈಟು ಕೊಂಡ ಸಭ್ಯಸ್ಥ ಮೇಷ್ಟ್ರುಗಳು, ಹೆಡ್‌ಕ್ಲರ್ಕುಗಳು ಮೂಗಿಗೆ ಕರ್ಚೀಫು ಹಿಡಿದುಕೊಂಡು ಹೆಂಡತಿಯರಿಗೆ ಅಡಿಗೆಮನೆ ಎಲ್ಲಿ ಬರುತ್ತದೆಂದು ತೋರಿಸಿದರು. ಬಡಾವಣೆಗೆ ಸರೋವರ ನಗರ ಎಂದು ಹೆಸರಿಟ್ಟರು. ಕೊಂದದ್ದರ ಹೆಸರನ್ನು ಉಳಿಸಿಕೊಳ್ಳುವಷ್ಟು ಸಂಸ್ಕಾರವಂತರು ಅವರು.

ಸಹಿ ಹಾಕಿಸುತ್ತಿದ್ದವನ ಬಾಯಿ ಮುಚ್ಚಿಸಲು ಆ ಸಂಘ ಪುರುಷೋತ್ತಮನಿಗೂ ಒಂದು ಮೂಲೆ ಸೈಟು ಕೊಟ್ಟಿತು. ಅವನು ತೆಗೆದುಕೊಂಡ.

“ನಾನು ಬೇಡ ಅಂದ್ರೆ ಕೆರೆ ವಾಪಸ್ ಬರುತ್ತಾ ಅಂಬುಜಾ? ಇನ್ನೊಬ್ಬ ತಗೋತಾನೆ ಅಷ್ಟೆ. ನಮಗೂ ಒಂದು ಮನೆ ಬೇಡ್ವಾ?”

ನಮಗೂ ಎಂದ. ಅವಳು ತಿಂಗಳುಗಟ್ಟಲೆ ಕಾದಿದ್ದ ಮಾತು ಅದು. ಸೈಟಿನ ಜೊತೆ ಬಂದದ್ದಕ್ಕೆ ಅಸಹ್ಯವಾಯಿತು, ಆದರೂ ಬಸ್ಸಿನಲ್ಲಿ ಕೂತು ಮನೆ ಸೇರುವ ತನಕ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡಳು.

ಗುದ್ದಲಿ ಪೂಜೆಗೆ ಅವಳನ್ನೂ ಅವಳ ಅಮ್ಮ ಸೀತಮ್ಮನನ್ನೂ ಕರೆದರು. ಪೂಜೆ ಮುಗಿದ ಮೇಲೆ ಮದುವೆಯ ಮಾತಾಡುವುದೆಂದು ಅವನ ಮನೆಯವರು ಹೇಳಿ ಕಳಿಸಿದ್ದರು. ಅಂಬುಜಾ ಹೋದಳು. ಅವನು ಎಲ್ಲೋ ಒಂದು ಕಡೆ ಇನ್ನೂ ತನ್ನವನೇ ಇರಬಹುದೆಂಬ ಆಸೆ ಬಿಟ್ಟಿರಲಿಲ್ಲ.

ಈಶಾನ್ಯ ಮೂಲೆಯಲ್ಲಿ ಮೊಣಕಾಲುದ್ದ ಅಗೆಯುವಷ್ಟರಲ್ಲಿ ಗುಂಡಿಯಲ್ಲಿ ನೀರು ಜಿನುಗಿ ತುಂಬಿತು. ಅದರ ಜೊತೆ ಒಂದು ಬಸವನಹುಳುವೂ ಮೇಲೆ ಬಂತು. ಪುರೋಹಿತರು ಕೈ ಮುಗಿದರು.

“ಸಾಕ್ಷಾತ್ ಗಂಗೆ. ಎಂಥಾ ಶುಭಶಕುನ ನೋಡಿ.”

“ಅದೃಷ್ಟವಂತ ಕಣಯ್ಯಾ ನೀನು,” ಎಂದರು ರಾಯರು. ಹೆಂಗಸರು ಕೆಸರಿಗೆ ಅರಿಸಿನ ಕುಂಕುಮ ಹಾಕಿದರು. ನೆರೆದವರಲ್ಲಿ ಎಂ.ಎ. ಮಾಡಿದವರಿದ್ದರು, ಇಂಜಿನಿಯರೊಬ್ಬರೂ ಇದ್ದರು. ಎಲ್ಲರೂ ಆ ರಾಡಿಯನ್ನು ಭಕ್ತಿಯಿಂದ ತಲೆಗೆ ಪ್ರೋಕ್ಷಿಸಿಕೊಂಡರು. ಒಬ್ಬರ ಮುಖದಲ್ಲೂ ಅನುಮಾನವಿರಲಿಲ್ಲ. ಅನುಮಾನ ಬಂದರೆ ಕಟ್ಟಿದ ಕಂತು ದಂಡವಾಗುತ್ತಿತ್ತು.

ಅಂಬುಜಾ ಪುರುಷೋತ್ತಮನ ಪಕ್ಕಕ್ಕೆ ಹೋಗಿ ನಿಂತು ಮೆಲ್ಲಗೆ ಹೇಳಿದಳು.

“ಇದು ಏನು ಅಂತ ಎಲ್ರಿಗೂ ಕೇಳೋ ಹಾಗೆ ಹೇಳಿ. ಅಷ್ಟು ಹೇಳಿದ್ರೆ ಸಾಕು, ಅಮ್ಮನ ಹತ್ರ ಇವತ್ತೇ ಹೂಂ ಅಂತೀನಿ. ಸೈಟೂ ಬೇಡ, ಬಾಡಿಗೆ ಮನೇಲೇ ಇರೋಣ.”

ಅವನು ಅವಳನ್ನೇ ನೋಡಿದ. ಅದೇ ನಗುವ ಕಣ್ಣು. ಆಮೇಲೆ ಬಾಗಿ, ಉಸಿರು ತಾಗುವಷ್ಟು ಹತ್ತಿರ ಬಂದು ಅವಳ ಕಿವಿಯಲ್ಲಿ ಹೇಳಿದ.

“ಕೆರೆ ನೀರು ಕಣೇ. ನನಗೆ ಗೊತ್ತಿಲ್ವಾ?”

ಅವಳ ಮೈ ಜುಮ್ಮೆಂದಿತು. ಇಷ್ಟು ಹತ್ತಿರ ಅವನು ಎಂದೂ ಬಂದಿರಲಿಲ್ಲ. ಅಷ್ಟರಲ್ಲಿ ಅವನು ನೆಟ್ಟಗೆ ನಿಂತು ರಾಯರ ಕಡೆ ತಿರುಗಿ ಕೈ ಮುಗಿದ.

“ಗಂಗಮ್ಮ ತಾಯೀನೇ ಬಂದಿದಾಳೆ ಸಾರ್. ಎಲ್ಲಾ ನಿಮ್ಮ ಆಶೀರ್ವಾದ.”

“ಹಾಗಾದ್ರೆ ನಮ್ಮ ಮದುವೇನೂ ಈಗ ಕಿವೀಲೇ ಆಗಿ ಮುಗೀತು ಅಂದ್ಕೊಳ್ಳಿ,” ಎಂದಳು ಅಂಬುಜಾ.

ಚೇಷ್ಟೆ ಮಾಡುತ್ತಿದ್ದಾಳೆಂದು ಅವನು ನಕ್ಕ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಾಗಲೂ ನಗುತ್ತಲೇ ಇದ್ದ. ಪುರೋಹಿತರು ಕರೆದದ್ದರಿಂದ ಹಿಂದೆ ಬರಲಾಗಲಿಲ್ಲ, ಅಥವಾ ಬರಲಿಲ್ಲ.

ಕೆರೆಯ ಏರಿ ಹತ್ತುವಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಅವನನ್ನು ಪ್ರೀತಿಸಿದ್ದು ಸುಳ್ಳಾಗಿರಲಿಲ್ಲ, ಈಗಲೂ ಆಗಿರಲಿಲ್ಲ. ಅಂಥವನಿಗಾಗಿ ಅಳುತ್ತಿದ್ದೇನಲ್ಲ ಎಂದು ತನ್ನ ಮೇಲೆಯೇ ತಿರಸ್ಕಾರ ಬಂತು. ಸೀತಮ್ಮ ಏದುಸಿರು ಬಿಡುತ್ತಾ ಹಿಂದೆಯೇ ಬಂದರು.

“ಏನಾಯ್ತೇ ನಿನಗೆ? ಒಳ್ಳೆ ಹುಡುಗ ಕಣೇ ಅವನು.”

“ಹೌದಮ್ಮಾ,” ಎಂದು ಅಂಬುಜಾ ಕಣ್ಣೊರೆಸಿಕೊಂಡಳು. “ಎಲ್ರಿಗೂ ಒಳ್ಳೆಯವನು.”