ನಾಚಿಕೆಗೇಡಿನ ಸಾಕ್ಷಿ

ಹುಡುಗಿ ಮಧುಮತಿಯ ಸೋದರಮಾವ, ವರ ಗುರುಸಿದ್ದನ ಕೆಲಸ, ಸಂಬಳ, ಮನೆತನ ಎಲ್ಲವನ್ನೂ ಒಪ್ಪಿದ್ದರು. ಕೊನೆಗೆ ವಾಡಿಕೆಯಂತೆ, ಹುಡುಗ ಬಾಡಿಗೆಗಿದ್ದ ಬಿಟಿಎಂ ಲೇಔಟಿನ ಮನೆಗೆ ಬಂದು ಮಾಲೀಕ ಚಿಕ್ಕಬೈರಪ್ಪನನ್ನು ಒಂದು ಮಾತು ವಿಚಾರಿಸಿದರು. ಅವನು ಗೇಟಿಗೆ ಒರಗಿ, ಬೀದಿಗೆಲ್ಲ ಕೇಳುವಂತೆ ಹೇಳಿದ:

"ಹುಡ್ಗ ಒಳ್ಳೇವ್ನೇ ಸ್ವಾಮಿ. ಕುಡಿಯಲ್ಲ, ಸೇದಲ್ಲ. ಭಾನುವಾರ ಮಾತ್ರ ಬಾಗ್ಲು ಹಾಕ್ಕೊಂಡು ಬಟ್ಟೆ ಇಲ್ದಿರೋ ಇಂಗ್ಲಿಷ್ ಪಿಚ್ಚರ್ ನೋಡ್ತಾನೆ. ವಯಸ್ಸು, ಬುಡಿ."

ಸಂಬಂಧ ಅಲ್ಲಿಗೇ ನಿಂತಿತು. ನಂತರ ಬಂದ ಎರಡು ಮನೆಯವರಿಗೂ ಚಿಕ್ಕಬೈರಪ್ಪ ಅದೇ ಮಾತು ಹೇಳಿದ, ಅದೇ ನಗು ನಕ್ಕ. ಹಾಲಿನ ಬೂತಿನ ಮುಂದೆ ಹುಡುಗರು "ಈ ವಾರ ಯಾವ್ದು ಗುರು?" ಎನ್ನತೊಡಗಿದರು. ಮನೆ ಬದಲಿಸಬಹುದಿತ್ತು. ಆದರೆ ಬದಲಿಸಿದರೆ ತಪ್ಪು ಒಪ್ಪಿಕೊಂಡಂತೆ. ಗುರುಸಿದ್ದ ಒಪ್ಪಿಕೊಳ್ಳಲು ಸಿದ್ಧನಿರಲಿಲ್ಲ.

ಅವನು ಔಷಧ ಕಂಪನಿಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಮಿಸ್ಟ್. ಚಿತ್ರಮಂದಿರದ ಮುಖವನ್ನೇ ಕಾಣದೆ ನೇರವಾಗಿ ಕ್ಯಾಸೆಟ್ಟಿಗಿಳಿಯುತ್ತಿದ್ದ ಆ ಸಿನಿಮಾಗಳ ದೋಷಗಳನ್ನು ಅವನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಎಲ್ಲದರಲ್ಲೂ ಒಂದೇ ಬಂಗಲೆ, ಒಂದೇ ಮೆಟ್ಟಿಲು. ಯಾರಾದರೂ ಅಂಗಿಯ ಗುಂಡಿಗೆ ಕೈ ಹಾಕುವ ಮೊದಲೇ ಸ್ಯಾಕ್ಸೋಫೋನ್ ಶುರು. ಗೋಡೆಯ ಮೇಲೆ ಮೈಕಿನ ನೆರಳು. ಒಂದು ಮುತ್ತು ಮುಗಿಯುವುದರೊಳಗೆ ನಾಯಕಿಯ ಕಿವಿಯೋಲೆ ಬದಲಾಗಿರುತ್ತಿತ್ತು. ಇಡೀ ಊರಿಗೆ ಒಬ್ಬನೇ ಪೊಲೀಸು. ಇಷ್ಟಾದರೂ ಅಲ್ಲಿಯ ಜನ ತಮಗೇನು ಬೇಕೋ ಅದನ್ನು ಬಾಯಿಬಿಟ್ಟು ಕೇಳುತ್ತಿದ್ದರು. ಪ್ರಶಸ್ತಿ ಪಡೆದ ಸಿನಿಮಾಗಳಲ್ಲಿ ಅದೇ ಬೇಕಾದ ಜನ ಹತ್ತು ನಿಮಿಷ ಬಾವಿಯನ್ನು ನೋಡುತ್ತ ನಿಲ್ಲುತ್ತಾರೆ. ಯಾವುದು ಹೆಚ್ಚು ಪ್ರಾಮಾಣಿಕ ಎಂದು ಯಾರಾದರೂ ಕೇಳಿದ್ದರೆ ಅವನ ಬಳಿ ಉತ್ತರವಿತ್ತು. ಯಾರೂ ಕೇಳಲಿಲ್ಲ, ನಕ್ಕರು.

ಆ ಸಿನಿಮಾಗಳ ಕೊಲೆಗಾರರು ಮಾತ್ರ ಶುದ್ಧ ಪೆದ್ದರು. ಕೊಲೆಯ ಹೊತ್ತಿನಲ್ಲಿ ತಾವು ಸಂಗೀತ ಕಛೇರಿಯಲ್ಲಿದ್ದೆವು, ದಾನಧರ್ಮದ ಔತಣದಲ್ಲಿದ್ದೆವು ಎನ್ನುತ್ತಾರೆ. ಮರ್ಯಾದಸ್ಥ ಸಾಕ್ಷ್ಯವನ್ನು ಯಾರಾದರೂ ಮೊದಲು ಕೆದಕುತ್ತಾರೆ. ಪ್ರಯೋಗಾಲಯದಲ್ಲಿ ಗುರುಸಿದ್ದ ಕಲಿತದ್ದು ಬೇರೆ: ತನಗೇ ವಿರುದ್ಧವಾದ ಫಲಿತಾಂಶ ತಂದು ಒಪ್ಪಿಸುವವನು ಅದನ್ನು ತಿದ್ದಿರಬಹುದೆಂದು ಯಾರೂ ಶಂಕಿಸುವುದಿಲ್ಲ. ಮಾನ ಕಳೆಯುವ ಸುಳ್ಳನ್ನು ಯಾರು ಹೇಳುತ್ತಾರೆ? ಯಾವುದಕ್ಕೆ ನಕ್ಕರೋ ಅದೇ ಅವನನ್ನು ಕಾಯಬೇಕು. ಈ ಯೋಚನೆ ಬಂದ ದಿನ ಅವನು ತುಂಬ ದಿನಗಳ ನಂತರ ಹೊಟ್ಟೆತುಂಬ ಉಂಡ.

ಉಳಿದದ್ದು ಸರಳವಾಗಿತ್ತು. ಚಿಕ್ಕಬೈರಪ್ಪ ಚಿಕ್ಕಲಸಂದ್ರದಲ್ಲಿ ಮೂರಂತಸ್ತಿನ ಕಟ್ಟಡ ಕಟ್ಟಿಸುತ್ತಿದ್ದ. ಭಾನುವಾರ ಕೆಲಸಗಾರರಿಗೆ ರಜೆ. ರಾಗಿ ಬೆಳೆದ ಮನುಷ್ಯ ನೀರು ಹಾಯಿಸುವುದನ್ನು ಇನ್ನೊಬ್ಬರಿಗೆ ಬಿಡಲಾರ. ಮಧ್ಯಾಹ್ನ ತಾನೇ ಹೋಗಿ ಹೊಸ ತಾರಸಿಗೆ ನೀರು ಕಟ್ಟಿ ಬರುತ್ತಿದ್ದ. ಒದ್ದೆ ತಾರಸಿ, ಅಂಚಿಗೆ ಗೋಡೆ ಇನ್ನೂ ಎದ್ದಿರಲಿಲ್ಲ.

ಗುರುಸಿದ್ದ ಕಿಟ್ಟಿಯ ವಿಡಿಯೋ ಲೈಬ್ರರಿಯಿಂದ ಎರಡು ಸಿನಿಮಾಗಳಿದ್ದ ಒಂದು ಕ್ಯಾಸೆಟ್ ತಂದ. ಮಧ್ಯಾಹ್ನವೆಲ್ಲ ಓಡುವಂಥದ್ದು. ಎರಡನ್ನೂ ಅವನು ಧಾರವಾಡದ ಹಾಸ್ಟೆಲಿನಲ್ಲಿ, ಗೆಳೆಯನ ಅಣ್ಣ ದುಬೈನಿಂದ ತಂದ ಕ್ಯಾಸೆಟ್ಟುಗಳಲ್ಲಿ ನೋಡಿದ್ದ. ದೃಶ್ಯ ದೃಶ್ಯವೂ ನೆನಪಿತ್ತು; ಮತ್ತೆ ನೋಡುವ ಅಗತ್ಯವಿರಲಿಲ್ಲ. ಕೆಳಗಿದ್ದ ಮಾಲೀಕರ ಮನೆಗೆ ಕೇಳುವಷ್ಟು ಧ್ವನಿ ಇಟ್ಟು, ಹಿಂದಿನ ಮೆಟ್ಟಿಲಿಳಿದು, ಬನಶಂಕರಿಯಲ್ಲಿ ಬಸ್ಸು ಬದಲಿಸಿದ.

ಚಿಕ್ಕಬೈರಪ್ಪ ಬೆನ್ನು ತಿರುಗಿಸಿ ಪೈಪು ಹಿಡಿದು ನಿಂತಿದ್ದ. ಎರಡು ಕೈ ಸಾಕಾದವು.

ವಾಪಸು ಬಂದಾಗ ಕ್ಯಾಸೆಟ್ ಕೊನೆಮುಟ್ಟಿ, ತಾನೇ ಹಿಂದಕ್ಕೆ ಸುತ್ತಿಕೊಂಡು ನಿಂತಿತ್ತು. ವಿಸಿಆರ್‌ನ ಗಡಿಯಾರ ಮಿಣುಕುತ್ತಿರಲಿಲ್ಲ; ಅಂದರೆ ನಡುವೆ ಕರೆಂಟೂ ಹೋಗಿರಲಿಲ್ಲ. ಸಂಜೆ ಎಂದಿನಂತೆ ಕಿಟ್ಟಿಗೆ ಹಿಂದಿರುಗಿಸಿದ.

ಕಾಲು ಜಾರಿ ಬಿದ್ದದ್ದೆಂದೇ ಎಲ್ಲರೂ ಅಂದರು, ಚಿಕ್ಕಬೈರಪ್ಪನ ಹೆಂಡತಿ ಮಂಗಮ್ಮ ಒಬ್ಬಳನ್ನು ಬಿಟ್ಟು. ಅವಳ ಒತ್ತಾಯಕ್ಕೆ ಇನ್ಸ್‌ಪೆಕ್ಟರ್ ಒಬ್ಬ ಪೇದೆಯೊಡನೆ ಮಹಡಿ ಹತ್ತಿ ಬಂದ. ಕ್ಯಾಸೆಟ್ ಕೊಟ್ಟವನೆಂದು ಕಿಟ್ಟಿಯನ್ನೂ ಕರೆಸಿದ್ದ.

"ಇವ್ನಿಗೂ ನಮ್ ಯಜಮಾನ್ರಿಗೂ ಆಗ್ತಿರ್ಲಿಲ್ಲ ಸಾರ್," ಎಂದಳು ಮಂಗಮ್ಮ. ಮರುಕ್ಷಣವೇ ಸುಳ್ಳು ಹೇಳಲಾರದೆ, "ಆದ್ರೆ ಅವತ್ತು ಮಧ್ಯಾಹ್ನವೆಲ್ಲಾ ಮೇಲಿಂದ ಆ ಹಾಳು ಪೀಪಿ ಕೇಳಿಸ್ತಾನೇ ಇತ್ತು," ಎಂದೂ ಸೇರಿಸಿದಳು.

"ಏನ್ರೀ ನೋಡ್ತಿದ್ರಿ?" ಇನ್ಸ್‌ಪೆಕ್ಟರ್ ಗುರುಸಿದ್ದನತ್ತ ತಿರುಗಿದ.

"ಜನ ಏನಂತಾರೋ ಅದನ್ನ ರೀ ಸರ್. ನನಗೇನೂ ನಾಚಿಕಿ ಇಲ್ಲ. ಎರಡೂ ಪಿಕ್ಚರ್ ಕಡೀತನಕ ನೋಡೀನಿ."

"ಮುಂಚೆ ನೋಡಿದ್ರಾ?"

ಈ ಪ್ರಶ್ನೆಗೂ ಅವನು ಸಿದ್ಧನಿದ್ದ. "ಇಲ್ರಿ. ಅವತ್ತೇ ಮೊದಲ."

"ಕತೆ ಹೇಳಿ ನೋಡೋಣ."

ಗುರುಸಿದ್ದ ಹೇಳಿದ, ಪಾಠ ಒಪ್ಪಿಸಿದಂತಲ್ಲ, ರಸವತ್ತಾಗಿ. ಮೊದಲನೆಯದು ಮುಗಿಯುವಷ್ಟರಲ್ಲಿ ಮಂಗಮ್ಮ ಕಿವಿ ಮುಚ್ಚಿಕೊಂಡು ಕೆಳಗಿಳಿದಳು. ಎರಡನೆಯದರಲ್ಲಿ ಪೇದೆ ಬರೆಯುವುದನ್ನು ನಿಲ್ಲಿಸಿ ಕೇಳತೊಡಗಿದ. ಈಜುಕೊಳದಲ್ಲಿ ಸಾಹುಕಾರನ ಹೆಣ. ಹೆಂಡತಿ, ಡ್ರೈವರ್, ವಕೀಲ, ಮೂವರ ಮೇಲೂ ಅನುಮಾನ. "ಆದ್ರ ಕೊಂದಾಕಿ ನರ್ಸ್ ರೀ ಸರ್. ಕಡೀಕ ಕನ್ನಡಕ ತಗದು ಕೂದಲ ಬಿಚ್ಚತಾಳ ನೋಡ್ರಿ, ಆವಾಗ ಗೊತ್ತಾಗತದ." ಇನ್ಸ್‌ಪೆಕ್ಟರ್ ಮುಗುಳ್ನಕ್ಕು ಟೋಪಿ ಕೈಗೆತ್ತಿಕೊಂಡ. ಗುರುಸಿದ್ದನಿಗೆ ಇಡೀ ಬೀದಿಯನ್ನು ಗೆದ್ದಂತಾಯಿತು.

ಬಾಗಿಲ ಬಳಿ ನಿಂತಿದ್ದ ಕಿಟ್ಟಿ ಬಾಯಿ ತೆರೆದುಕೊಂಡು ಕೇಳುತ್ತಿದ್ದ. "ನರ್ಸಾ?" ಎಂದ, ನಿಜವಾದ ಬೆರಗಿನಿಂದ. "ಎರಡು ವರ್ಷದಿಂದ ಗಿರಾಕಿಗಳು ನನ್ ಪ್ರಾಣ ತಿಂತಾವ್ರೆ ಸಾರ್, ಕೊಂದಿದ್ದು ಯಾರು ಅಂತ. ಕಾಪಿ ಹೊಡೆಯೋವಾಗ ಎರಡು ಪಿಚ್ಚರ್ ಒಂದ್ರಲ್ಲೇ ತುರುಕಿದ್ವಿ. ನರ್ಸ್ ಇನ್ನೂ ಕಾಫಿ ತಂದು ಕೊಡ್ತಿರ್ತಾಳೆ, ಅಷ್ಟೊತ್ಗೆ ಟೇಪು ಖಾಲಿ. ನಿಮಗೆಲ್ಲಿ ಸಿಕ್ತು ಸಾರ್, ಕ್ಲೈಮ್ಯಾಕ್ಸು?"