ಚಲಿಂಜೆವರೆಗೆ ಒಂದು ಟಿಕೆಟ್

"ಶಿಕಮೋ, ಅಕ್ಕ" ಎನ್ನುತ್ತಾ ಆತ ಎದ್ದು ನಿಂತಾಗ ಸೆಕೇಲಾಗೆ ಸೀಟು ಸಿಕ್ಕಿತು. ಜೊತೆಗೆ ಮೈಯೂ ಉರಿಯಿತು.

ದಾರ್ ಎಸ್ ಸಲಾಮಿನ ದಲದಲ ಬಸ್ಸುಗಳಲ್ಲಿ ಬೆಳಗಿನ ಹೊತ್ತು ಕಾಲಿಡಲು ಜಾಗವಿರುವುದಿಲ್ಲ. ಅಂಥದರಲ್ಲಿ ಸೀಟು ಸಿಕ್ಕರೆ ಖುಷಿಪಡಬೇಕು. ಆದರೆ ಶಿಕಮೋ ಎನ್ನುವುದು ಹಿರಿಯರಿಗೆ ಮಾಡುವ ನಮಸ್ಕಾರ. ಅಜ್ಜಿಗೆ, ಅತ್ತೆಗೆ, ಹೆಡ್‌ಮೇಷ್ಟ್ರಿಗೆ ಮಾಡುವಂಥದ್ದು. "ಮರಹಾಬ" ಎಂದು ಅವಳ ಬಾಯಿ ಅಭ್ಯಾಸಬಲದಿಂದ ಉತ್ತರ ಕೊಟ್ಟಿತು. ಕಣ್ಣು ಮಾತ್ರ ಆತನನ್ನು ಮೇಲಿನಿಂದ ಕೆಳಗೆ ಅಳೆಯಿತು. ಮೀಸೆ ಅರ್ಧ ಬೆಳ್ಳಗಾಗಿದೆ, ಇವನಿಗೆ ನಾನು ಅಕ್ಕನಂತೆ!

ನಿಂತವರ ಸಾಮಾನನ್ನು ಕೂತವರು ತೊಡೆಯ ಮೇಲೆ ಇಟ್ಟುಕೊಳ್ಳುವುದು ಈ ಬಸ್ಸುಗಳ ವಾಡಿಕೆ, ಅದಕ್ಕೆ ಪರಿಚಯವೇನೂ ಬೇಕಿಲ್ಲ. ಅವಳು ಕೈ ಚಾಚಿದಳು, ಆತ ತನ್ನ ಬ್ಯಾಗು ಕೊಟ್ಟ. ಒಳಗೆ ಬರೀ ಸ್ಪ್ಯಾನರು, ಇಕ್ಕಳ. ಇಷ್ಟು ಭಾರ ಮುದುಕಿಯ ಮೇಲೆ ಹೇರಲು ಇವನಿಗೆ ನಾಚಿಕೆಯಾಗಲಿಲ್ಲವೇ ಎಂದುಕೊಂಡು ಅವಳು ಒಳಗೊಳಗೇ ನಕ್ಕಳು.

ಸೆಕೇಲಾ ದೂರದ ತುಕುಯು ಬೆಟ್ಟದಿಂದ ಸಮುದ್ರ ನೋಡಲು ಬಂದವಳು. ಹದಿನೇಳಕ್ಕೇ ಅಮ್ಮನನ್ನು ಕಳೆದುಕೊಂಡು ತಮ್ಮ ತಂಗಿಯರನ್ನು ಸಾಕಿದಳು. ಆಮೇಲೆ ಶಾಲೆಯ ಮಕ್ಕಳಿಗೆ ಟೀಚರಾದಳು, ನಲವತ್ತು ದಾಟುವಷ್ಟರಲ್ಲಿ ಊರಿಗೇ ಅಕ್ಕನಾದಳು. ಮೊದಲು ತಂಗಿಯರದು ಆಗಲಿ ಎಂದು, ಕೇಳಿಕೊಂಡು ಬಂದ ಗಂಡುಗಳನ್ನು ವಾಪಸು ಕಳಿಸಿದ್ದಳು. ತಂಗಿಯರದು ಆದ ಮೇಲೆ ಯಾರೂ ಬರಲಿಲ್ಲ. ಒಂದೇ ಒಂದು ವಾರ ಯಾರಿಗೂ ದೊಡ್ಡವಳಾಗದೆ, ಬರೀ ಒಬ್ಬ ಹೆಂಗಸಾಗಿ ಓಡಾಡಬೇಕು, ಯಾರಾದರೂ ಹಾಗೆಂದು ನೋಡಬೇಕು ಎಂಬುದು ಅವಳ ಆಸೆಯಾಗಿತ್ತು.

ಇಲ್ಲಿ ಅವಳು ಇಳಿದುಕೊಂಡಿದ್ದು ತಮ್ಮ ಅಂಬೋಕಿಲೆಯ ಮನೆಯಲ್ಲಿ. ಅವನು, ಭಾನುವಾರ ಕಾರಿನಲ್ಲಿ ಸುತ್ತಿಸುತ್ತೇನೆ, ಅಲ್ಲಿಯವರೆಗೆ ರೆಸ್ಟ್ ತಗೋ ಎಂದು ಹೇಳಿ ಆಫೀಸಿಗೆ ಹೋದ. ಅವನ ಹೆಂಡತಿ, ದಲದಲದಲ್ಲಿ ಹೋಗುವುದೆಂದರೆ ಜೇಬುಗಳ್ಳರ ಜೊತೆ ಹೋದಂತೆ ಎಂದು ಹೆದರಿಸಿದಳು. ರೆಸ್ಟ್ ತೆಗೆದುಕೊಳ್ಳಲು ಬೆಟ್ಟ ಇಳಿದು ಬರಬೇಕಿತ್ತೇ? ಸೆಕೇಲಾ ಬುಟ್ಟಿ ಹಿಡಿದು ಹೊರಟೇಬಿಟ್ಟಳು.

ಫೆರಿ ಹೊರಡುವ ಕಿವುಕೋನಿ ದಡದಲ್ಲಿ ಇಳಿದಾಗ, ಆತನೂ ಫೆರಿಗೇ ಹೊರಟವನೆಂದು ತಿಳಿಯಿತು. ಹೆಸರು ಶೊಮಾರಿ. ಆಚೆ ದಡದ ಲಾಡ್ಜುಗಳಲ್ಲಿ ಫ್ಯಾನು, ಫ್ರಿಜ್ಜು ರಿಪೇರಿ ಮಾಡುತ್ತಾನೆ. ಹೆಂಡತಿ ಬಿಟ್ಟುಹೋಗಿ ವರ್ಷಗಳಾದವು ಎಂಬುದನ್ನು, ಇವತ್ತು ಸೆಕೆ ಜಾಸ್ತಿ ಎನ್ನುವ ಧಾಟಿಯಲ್ಲೇ ಹೇಳಿದ. ಫೆರಿಯ ಕಂಬಿ ಹಿಡಿದು ಅವಳು ಮೊದಲ ಸಲ ಉಪ್ಪುಗಾಳಿ ಎಳೆದುಕೊಂಡಳು. ಆಮೇಲೆ ತಿರುಗಿ ನೇರವಾಗಿ ಕೇಳಿದಳು.

"ನೀವು ಹುಟ್ಟಿದ್ದು ಯಾವಾಗ?"

"ನಮ್ಮಪ್ಪ ಉಗಾಂಡಾ ಯುದ್ಧಕ್ಕೆ ಹೋಗಿದ್ದಾಗ."

"ನಾನು ಅದಾಗಿ ಎರಡು ವರ್ಷಕ್ಕೆ. ನಿಮ್ಮ ಶಿಕಮೋ ನೀವೇ ಇಟ್ಕೊಳ್ಳಿ."

ಆತ ಅವಳ ಕಿವಿಯ ಬಳಿಯ ಬಿಳಿಕೂದಲು ನೋಡಿದ. ನೋಟ ಅಲ್ಲಿಂದ ಕೆನ್ನೆಗೆ ಬಂತು, ಅಲ್ಲಿ ತುಸು ನಿಂತು, ಗಾಬರಿಯಾದಂತೆ ನೀರಿನ ಕಡೆ ಓಡಿತು.

"ಕೊಟ್ಟಿದ್ದನ್ನ ವಾಪಸ್ ತಗೊಂಡ್ರೆ ನಮ್ಮಜ್ಜಿ ಗೋರಿಯಿಂದ ಎದ್ದು ಬರ್ತಾಳೆ, ಅಕ್ಕ."

ಮರುದಿನವೂ ಅದೇ ಬಸ್ಸು, ಅದೇ ಶಿಕಮೋ. "ಮರಹಾಬ, ಮಗನೇ" ಎಂದಳು ಸೆಕೇಲಾ. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದುಕೊಂಡೇ ನಕ್ಕ. ಎಲ್ಲಿ ಇಳಿಯಬೇಕು, ಯಾವ ಮೂಲೆಯಲ್ಲಿ ಬಜಾಜಿ ಆಟೊ ಸಿಗುತ್ತದೆ ಎಂದು ಶೊಮಾರಿ ಹೇಳಿಕೊಡುತ್ತಿದ್ದ. ಆಮೇಲೆ ಅವನು ಕೆಲಸಕ್ಕೆ ಹೋಗುತ್ತಿದ್ದ, ಅವಳು ಒಬ್ಬಳೇ ಸುತ್ತುತ್ತಿದ್ದಳು. ಮೀನುಮಾರುಕಟ್ಟೆ ನೋಡಿದಳು. ಆಚೆ ದಡದ ಮರಳಲ್ಲಿ ಕೂತು, ಖಾರ ಹಚ್ಚಿದ ಸುಟ್ಟ ಮರಗೆಣಸು ತಿಂದಳು. ಸುತ್ತ ಜೋಡಿಗಳು, ಸಂಸಾರಗಳು. ಯಾರದೋ ಫೋನಿನಲ್ಲಿ ಅವರ ಫೋಟೊ ತೆಗೆದುಕೊಟ್ಟಳು, ತನ್ನದೊಂದು ತೆಗೆಯಿರಿ ಎಂದು ಕೇಳಲು ಬಾಯಿ ಬರಲಿಲ್ಲ. ಸಂಜೆಯ ಫೆರಿ ಯಾವಾಗ ಬಂದೀತೆಂದು ಕಾಯತೊಡಗಿದ್ದು ಅವಳಿಗೇ ಗೊತ್ತಾಗಲಿಲ್ಲ.

ಶುಕ್ರವಾರ ಸಂಜೆ ಫೆರಿಯಲ್ಲಿ, ಸೋಮವಾರ ಬೆಳಗಿನ ತುಕುಯು ಬಸ್ಸಿಗೆ ಹೊರಡುವುದಾಗಿ ಹೇಳಿದಳು. ಮಾತಿಗೆ ಮಾತು ಬಂದು ಇನ್ನೊಂದೂ ಹೊರಬಿತ್ತು. "ನಮ್ಮೂರಲ್ಲಿ ಸೆಕೇಲಾ ಅಂತ ನನ್ನ ಹೆಸರು ಹಿಡಿದು ಕರೆಯೋರು ಯಾರೂ ಉಳಿದಿಲ್ಲ." ಶನಿವಾರ ಬೆಳಿಗ್ಗೆ ಮತ್ತೆ ಅದೇ "ಶಿಕಮೋ, ಅಕ್ಕ". ಆ ದಿನ ಅವಳಿಗೆ ತಮಾಷೆ ಅನ್ನಿಸಲಿಲ್ಲ.

ಭಾನುವಾರ ಕಾರು ಹೊರಟಿತು. ಎಸಿ ಹಾಕಿ ಗಾಜು ಏರಿಸಿದ್ದರು. ಮಕ್ಕಳು ಮೊಬೈಲಿನಲ್ಲಿ, ಸಮುದ್ರ ಗಾಜಿನ ಆಚೆ. ಫೆರಿಗೆ ಕಾರುಗಳ ಸಾಲಿನಲ್ಲಿ ನಿಂತಾಗ, ಪಕ್ಕದಲ್ಲಿ ನಡೆದು ಹೋಗುವ ಜನರ ನಡುವೆ ಶೊಮಾರಿ ಕಂಡ. ಅವಳು ಗಾಜು ಇಳಿಸಿದಳು. ಅವನು ಕಾರನ್ನು ನೋಡಿದ, ಸ್ಟೀರಿಂಗ್ ಹಿಡಿದ ತಮ್ಮನನ್ನು ನೋಡಿದ, ಬ್ಯಾಗನ್ನು ಬೆನ್ನ ಹಿಂದೆ ಸರಿಸಿಕೊಂಡ. ತಲೆ ತಗ್ಗಿಸಿ, ನಗುವಿಲ್ಲದೆ "ಶಿಕಮೋ" ಎಂದ. "ಮರಹಾಬ" ಎಂದಳು. ಮಗನೇ ಎನ್ನಲು ಆಗಲಿಲ್ಲ. ಯಾರಕ್ಕ ಅದು ಎಂದು ಅಂಬೋಕಿಲೆ ಕೇಳಿದ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರು ಎಂದಳು. ಹೇಳಿ ಗಾಜು ಏರಿಸಿದಳು.

ಸೋಮವಾರ ತಮ್ಮ ಅವಳನ್ನು ಬಸ್ ನಿಲ್ದಾಣದಲ್ಲಿ ಇಳಿಸಿ, ಮೀಟಿಂಗ್ ಇದೆ ಎಂದು ಅವಸರದಲ್ಲಿ ಹೊರಟುಹೋದ. ಕಿಟಕಿ ಪಕ್ಕ ಕೂತ ಸೆಕೇಲಾ, ಇನ್ನು ಬೆಟ್ಟ, ಶಾಲೆ, ಶಿಕಮೋ, ಇಷ್ಟೇ ಎಂದುಕೊಂಡಳು. ಅಳಬಾರದೆಂದು ಹಲ್ಲು ಕಚ್ಚಿದಳು.

"ಸೆಕೇಲಾ."

ಬರೀ ಹೆಸರು. ಅದರ ಹಿಂದೆ ಮುಂದೆ ಏನೂ ಇರಲಿಲ್ಲ. ತಲೆಯೆತ್ತಿದರೆ ಶೊಮಾರಿ, ಇಸ್ತ್ರಿ ಅಂಗಿ, ಕೈಯಲ್ಲಿ ಅದೇ ಬ್ಯಾಗು.

"ಚಲಿಂಜೆವರೆಗೆ ಟಿಕೆಟ್ ತಗೊಂಡೆ" ಎಂದು ಪಕ್ಕದಲ್ಲಿ ಕೂತ. ತುಕುಯು ದಾರಿಯಲ್ಲಿ ಎರಡು ಮೂರು ಗಂಟೆಗೆ ಸಿಗುವ ಊರು ಅದು.

"ಚಲಿಂಜೇಲಿ ಏನು ಕೆಲಸ?"

"ಏನೂ ಇಲ್ಲ. ಇಳಿದು ವಾಪಸ್ ಬರೋದು. ಕಾರಿಲ್ಲದೋನು ಬೇರೆ ಹೇಗೆ ನಿನ್ನ ಬಿಟ್ಟುಬರಲಿ?"

ಬಸ್ಸು ಊರು ದಾಟಿತು. ಆಮೇಲೆ ಅವನು ತನ್ನ ಅಂಗೈ ನೋಡಿಕೊಂಡು ಹೇಳಿದ. "ಮೊದಲ ದಿನ ನಿಜವಾಗ್ಲೂ ನನಗಿಂತ ದೊಡ್ಡವಳು ಅಂದ್ಕೊಂಡೆ. ಮಾರನೇ ದಿನದಿಂದ ಎಲ್ಲ ಸುಳ್ಳು. ಶಿಕಮೋ ಅಂದ್ರೆ ನಡುವೆ ಒಂದು ಗೋಡೆ ಎದ್ದಹಾಗೆ. ಗೋಡೆ ಈಚೆ ನಿಂತು ಎಷ್ಟು ನೋಡಿದ್ರೂ ಯಾರೂ ಏನೂ ಕೇಳಲ್ಲ, ನೀನೂ ಕೇಳಲ್ಲ. ಮತ್ತೊಂದ್ಸಲ ಯಾರಾದ್ರೂ ಬಿಟ್ಟುಹೋದ್ರೆ ತಡ್ಕೊಳ್ಳೋ ಧೈರ್ಯ ಇರಲಿಲ್ಲ."

"ಈಗ ಬಂತಾ?"

"ಇಲ್ಲ. ಆದ್ರೂ ಬಂದೆ."

ಸೆಕೇಲಾ ಬ್ಯಾಗನ್ನು ಅವನ ಕೈಯಿಂದ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅವನು ಕೂತೇ ಇದ್ದ, ಇಟ್ಟುಕೊಳ್ಳುವ ಅಗತ್ಯವೇನೂ ಇರಲಿಲ್ಲ.

ಚಲಿಂಜೆ ಬಹಳ ಬೇಗ ಬಂತು. ಅನಾನಸ್ಸು, ಗೋಡಂಬಿ ಮಾರುವವರು ಕಿಟಕಿಗೆ ಮುತ್ತಿದರು. ಅವನು ಇಳಿದು, ಅವರನ್ನು ಸರಿಸಿಕೊಂಡು ಕಿಟಕಿಯ ಕೆಳಗೆ ಬಂದು ನಿಂತ.

"ಬ್ಯಾಗು ಮರೆತ್ಯಲ್ಲ" ಎಂದು ಅವಳು ಎತ್ತಿ ಹಿಡಿದಳು.

"ಮರೆತಿಲ್ಲ, ಇಟ್ಕೊಂಡಿರು. ಅದಿಲ್ಲದೆ ನನಗೆ ಕೆಲಸ ನಡೆಯಲ್ಲ, ತಗೊಳ್ಳೋಕೆ ಬರಲೇಬೇಕು."

"ತುಕುಯು ದೂರ ಶೊಮಾರಿ. ಕಾರಿಲ್ಲದೆ ಹೇಗೆ ಬರ್ತೀಯ?"

"ನೀನು ಹೇಗೆ ಬಂದೆ?"

ಬಸ್ಸು ಹೊರಟಿತು. ಅವನು ರಸ್ತೆ ದಾಟಿ, ವಾಪಸು ಹೋಗುವ ಬಸ್ಸುಗಳ ಕಡೆ ಬರಿಗೈಯಲ್ಲಿ ನಡೆಯುವುದನ್ನು ಅವಳು ಕತ್ತು ತಿರುಗಿಸಿ ನೋಡಿದಳು. ಆಮೇಲೆ ಬಿಸಿಲು, ಮೊರೊಗೊರೊದ ಗುಡ್ಡಗಳು, ಮತ್ತೆ ಬಿಸಿಲು. ಸಂಜೆ ಬೆಟ್ಟದ ಚಳಿ ಶುರುವಾದಾಗ ಕಾಲು ಜೋಮು ಹಿಡಿದಿತ್ತು. ಪಕ್ಕದ ಸೀಟು ಖಾಲಿಯೇ ಇತ್ತು. ಆದರೂ ಸೆಕೇಲಾ ಬ್ಯಾಗನ್ನು ಅಲ್ಲಿ ಇಡಲಿಲ್ಲ.