ಗುಡಿಸಿದ ಪಾದರಸ

ಜನವರಿ ಹತ್ತೊಂಬತ್ತು, ಸೋಮವಾರ. ಬೆಳಿಗ್ಗೆ 9.40ಕ್ಕೆ ಖಾಸಗಿ ಆಸ್ಪತ್ರೆಯೊಂದರ ಸ್ಟೋರ್ ಕೀಪರ್ ಡೆನ್ವರ್, ಕಾರ್ಕಳ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟ. ವಿಲೇವಾರಿಗೆ ಮೊಹರು ಮಾಡಿಟ್ಟಿದ್ದ ಪಾದರಸದ ನಲವತ್ತು ಬಿ.ಪಿ. ಮಿಷನ್‌ಗಳಲ್ಲಿ ಒಂದು ಕಾಣೆಯಾಗಿತ್ತು.

"ಗುಜರಿ ಸಾಮಾನಿಗೆ ಎಫ್‌ಐಆರ್ ಎಂತಕ್ಕೆ ಮಾರಾಯ?" ಎಂದು ಪಿಎಸ್‌ಐ ಸುಘೋಷ ನಕ್ಕರು.

"ಒಳಗೆ ನೂರು ಗ್ರಾಂ ಪಾದರಸ ಉಂಟು ಸಾರ್. ಮನೆಯೊಳಗೆ ಚೆಲ್ಲಿದರೆ ಅದರ ವಿಷದ ಆವಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಮಣಿಪಾಲದ ತರಬೇತಿಯಲ್ಲಿ ಹೇಳಿದ್ದಾರೆ."

ಸುಘೋಷರ ನಗು ಅಲ್ಲಿಗೇ ನಿಂತಿತು. ಎಫ್‌ಐಆರ್ ದಾಖಲಾಯಿತು.

11.15ಕ್ಕೆ ಸ್ಟೋರಿನ ಪಂಚನಾಮೆ. ಬೀಗ ಒಡೆದಿರಲಿಲ್ಲ. ಕೀಲಿಕೈ ಪುಸ್ತಕದ ಕೊನೆಯ ಸಹಿ ಸ್ಟಾಫ್ ನರ್ಸ್ ಒಲಿಂಡಾರದು, ಒಂಬತ್ತನೇ ತಾರೀಖಿನದು. ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಸಹಿ ಹಾಕಿ ಕದ್ದವರನ್ನು ಸುಘೋಷ ಕಂಡಿರಲಿಲ್ಲ.

ಒಲಿಂಡಾರಿಗೆ ಅಂದು ರಜೆ. ಸುಘೋಷ, ಕಾನ್‌ಸ್ಟೇಬಲ್ ನಾಗವೇಣಿ ಮತ್ತು ಡೆನ್ವರ್ ಕಾಪುವಿನ ಅವರ ಮನೆ ಮುಟ್ಟಿದಾಗ ಗಂಟೆ ಒಂದು.

"ಮಿಷನ್ ಎಲ್ಲಿ?"

"ನಿನ್ನೆ ಒಡೆಯಿತು."

"ಎಲ್ಲಿ?"

"ನಾನೇ ಕದ್ದದ್ದು. ಅದು ಒಡೆದ ಮನೆಯ ಪಾಪದವರನ್ನು ಇದಕ್ಕೆ ಎಳೆಯಬೇಡಿ."

"ಪಾದರಸ ಎಂತ ಮಾಡಿದಿರಿ?"

"ಗುಡಿಸಿದೆ. ಮೂವತ್ತು ವರ್ಷ ವಾರ್ಡಿನಲ್ಲಿ ಥರ್ಮಾಮೀಟರ್ ಒಡೆದಾಗೆಲ್ಲ ಹಿಡಿಸೂಡಿಯಲ್ಲೇ ಗುಡಿಸಿದ್ದು."

ಡೆನ್ವರ್ ತಲೆಗೆ ಕೈ ಹಚ್ಚಿದ. "ಗುಡಿಸಿದರೆ ಒಂದು ಹನಿ ನೂರಾಗ್ತದೆ ಸಿಸ್ಟರ್! ಮೂಲೆ ಮೂಲೆಯಿಂದ ಆವಿ ಏಳ್ತದೆ. ತರಬೇತಿಯಲ್ಲಿ ಹೇಳಿದ್ದಲ್ವಾ?"

"ನನ್ನನ್ನು ಯಾರು ಕರೆದರು? ಆ ದಿನ ನನಗೆ ಡ್ಯೂಟಿ."

ತರಬೇತಿಗೆ ಹೋಗುವವರ ಪಟ್ಟಿ ಬರೆದವನು ಡೆನ್ವರನೇ. ಒಲಿಂಡಾ ಥಟ್ಟನೆ ಎದ್ದರು. "ಮಿಷನ್ ಒಡೆದಲ್ಲೇ ಅಶ್ವಿನಿ ಮಲಗ್ತಾಳೆ. ಅವಳು ಏಳು ತಿಂಗಳ ಬಸುರಿ" ಎಂದವರೇ ಎಲ್ಲರಿಗಿಂತ ಮೊದಲು ಜೀಪು ಹತ್ತಿ ಕುಳಿತರು.

ಹೆದ್ದಾರಿ ಬದಿಯ ಕೂಲಿಯವರ ಶೆಡ್ಡಿನಲ್ಲಿ ಅಂಬವ್ವ ಸೊಸೆ ಅಶ್ವಿನಿಯ ತಲೆ ಬಾಚುತ್ತಿದ್ದಳು. ನಾಗವೇಣಿ ಇಬ್ಬರನ್ನೂ ಹೊರಗೆ ಕರೆತಂದಳು. ಡೆನ್ವರ್ ಕೈಗವಸು ತೊಟ್ಟು, ಬಾಗಿಲು ಕಿಟಕಿ ತೆರೆದಿಟ್ಟು, ಟಾರ್ಚು ಹಿಡಿದು ಮಿನುಗಿದ ಒಂದೊಂದೇ ಹನಿಯನ್ನು ಸಿರಿಂಜಿನಿಂದ ಎಳೆದು ಬಾಟಲಿಗೆ ತುಂಬಿದ. ಕೊನೆಯ ಹನಿಗಳು ಅಶ್ವಿನಿಯ ಚಾಪೆಯ ಕೆಳಗಿದ್ದವು.

"ಸಿಸ್ಟರ್‌ನ ಹಿಡಕೊಂಡು ಹೋಗಬ್ಯಾಡ್ರಿ ಸಾಹೇಬ್ರ. ನಮ್ಮ ಬಿ.ಪಿ. ನೋಡಾಕಂತನ ಐತಾರಕ್ಕೊಮ್ಮೆ ಬರ್ತಿದ್ರು" ಎಂದು ಅಂಬವ್ವ ಕೈ ಮುಗಿದಳು.

ಅಶ್ವಿನಿಯನ್ನು ಪರೀಕ್ಷೆಗೆ ಮಣಿಪಾಲಕ್ಕೆ ಕಳುಹಿಸಿದರು. ತಾಯಿ ಮಗು ಇಬ್ಬರಿಗೂ ಸದ್ಯ ತೊಂದರೆಯಿಲ್ಲ ಎಂದು ಫೋನ್ ಬರುವವರೆಗೆ ಒಲಿಂಡಾ ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ. ಸಂಜೆ 5.20ಕ್ಕೆ ನಾಗವೇಣಿ ಒಲಿಂಡಾರನ್ನು ದಸ್ತಗಿರಿ ಮಾಡಿದಳು.

ನಿಯಮದಂತೆ ವೈದ್ಯಕೀಯ ತಪಾಸಣೆಯಾಯಿತು. ಡಾಕ್ಟರು ಅವರ ತೋಳಿಗೆ ಡಿಜಿಟಲ್ ಬಿ.ಪಿ. ಮಿಷನ್ ಕಟ್ಟಿ, ಅಂಕಿ ಬರೆದುಕೊಂಡು ಪಟ್ಟಿ ಬಿಚ್ಚಹೋದರು.

"ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಡಾಕ್ಟ್ರೇ" ಎಂದರು ಒಲಿಂಡಾ.

"ಈ ಮಿಷನ್ ಮೇಲೆ ನಿಮಗೆ ನಂಬಿಕೆ ಇಲ್ವಾ?" ಎಂದು ಸುಘೋಷ ಕೇಳಿದರು.

"ಅಂಬವ್ವನ ಗಂಡ ತಿಮ್ಮಣ್ಣನಿಗೆ ಇಂಥದ್ದೇ ಕಟ್ಟಿದ್ದೆ. ಸರಿ ಉಂಟು ಅಂತ ತೋರಿಸಿತು, ಮನೆಗೆ ಕಳಿಸಿದೆ. ಮೂರನೇ ದಿನ ಬಿ.ಪಿ. ಏರಿ ತೀರಿಕೊಂಡ. ಮಿಷನ್ನೇ ಮೋಸ ಮಾಡಿತು ಅಂತ ಎಲ್ಲರಿಗೂ ಹೇಳಿದೆ, ಪಾದರಸದ್ದನ್ನೇ ಬೇಕೆಂದು ಕದ್ದೆ." ಅವರು ತೋಳಿನ ಪಟ್ಟಿಯನ್ನೇ ನೋಡಿದರು. "ಆ ದಿನ ಕ್ಯೂ ಉದ್ದ ಇತ್ತು ಸಾರ್. ಎರಡು ಸಲ ನೋಡಬೇಕಿತ್ತು, ನಾನು ಒಂದೇ ಸಲ ನೋಡಿದ್ದು."

ಡಾಕ್ಟರು ಪಟ್ಟಿ ಬಿಚ್ಚಲಿಲ್ಲ. ಐದು ನಿಮಿಷ ಎಲ್ಲರೂ ಕಾದರು.